ಕ್ಯಾಂಡಿಯ ಕೊತ್ತಂಬರಿ ಕಷಾಯ

ಪುಟ್ಟಿಯ ಮೊದಲ ಪಾಸ್‌ಪೋರ್ಟಿನ ಫೋಟೊ ತೆಗೆಸಿದ್ದು ಮಲ್ಲೇಶ್ವರದ ಒಂದು ಸಣ್ಣ ಸ್ಟುಡಿಯೊದಲ್ಲಿ. ದೊಡ್ಡವರಿಗಾದರೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಕೂರಿಸಿ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳದ್ದನ್ನು ನಾವೇ ತೆಗೆಸಿಕೊಂಡು ಹೋಗಬೇಕು. ಹಿನ್ನೆಲೆ ಬಿಳಿ ಇರಬೇಕು, ಕಣ್ಣು ತೆರೆದಿರಬೇಕು, ಮುಖ ನೇರ ಇರಬೇಕು. ಹದಿನೆಂಟು ತಿಂಗಳ ಮಗು ಸ್ಟೂಲಿನ ಮೇಲೆ ಒಂದು ಗಳಿಗೆಯೂ ಕೂರಲಿಲ್ಲ. ಕೊನೆಗೆ ಸ್ಟುಡಿಯೊದವರು ನನ್ನನ್ನೇ ಸ್ಟೂಲಿನ ಮೇಲೆ ಕೂರಿಸಿ, ತಲೆಯಿಂದ ಕಾಲಿನವರೆಗೆ ಬಿಳಿ ಬೆಡ್‌ಶೀಟ್ ಹೊದಿಸಿ, ನನ್ನ ತೊಡೆಯ ಮೇಲೆ ಅವಳನ್ನು ನಿಲ್ಲಿಸಿದರು. ಬಟ್ಟೆಯ ಒಳಗಿನಿಂದಲೇ ನಾನು ಅವಳ ಸೊಂಟ ಹಿಡಿದುಕೊಂಡಿದ್ದೆ. ಇವರು ಕ್ಯಾಮೆರಾದ ಪಕ್ಕ ನಿಂತು ಬೀಗದ ಕೈ ಗೊಂಚಲು ಅಲ್ಲಾಡಿಸಿದರು. ಫೋಟೊ ಚೆನ್ನಾಗಿ ಬಂತು. ಅವಳ ಕಿವಿಯ ಹಿಂದೆ ಬಟ್ಟೆಯ ಒಂದು ಸಣ್ಣ ಮಡಿಕೆ ಕಾಣುತ್ತದೆ, ನೋಡಿದವರು ಗೋಡೆ ಅಂದುಕೊಳ್ಳುತ್ತಾರೆ. ಅದು ನನ್ನ ಭುಜ.

ನಾವು ಹೊರಟಿದ್ದು ಶ್ರೀಲಂಕಾಕ್ಕೆ, 2019ರ ಜನವರಿಯಲ್ಲಿ. ನಾನು, ಇವರು, ಇಪ್ಪತ್ತು ತಿಂಗಳ ಪುಟ್ಟಿ, ಕೊಪ್ಪದಿಂದ ಬಂದ ನನ್ನ ಅಮ್ಮ. ನಾಲ್ಕು ಜನಕ್ಕೂ ದೇಶ ದಾಟುವುದು ಅದೇ ಮೊದಲು. ದುಬೈ, ಸಿಂಗಾಪುರ ಬಿಟ್ಟು ಅಲ್ಲಿಗೆ ಯಾಕೆ ಅಂತ ಬಂಧುಗಳೆಲ್ಲ ಕೇಳಿದರು. ನನ್ನ ಲೆಕ್ಕವೆಲ್ಲ ಪುಟ್ಟಿಯ ನಿದ್ದೆಯ ಸುತ್ತ ಇತ್ತು. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಅಷ್ಟು ಹೊತ್ತಿಗೆ ತುಮಕೂರು ದಾಟಿರುತ್ತೇವೆ, ಅಷ್ಟೆ. ಅಲ್ಲಿನ ಗಡಿಯಾರವೂ ನಮ್ಮದೂ ಒಂದೇ, 2006ರಿಂದ ಎರಡೂ ದೇಶಕ್ಕೆ ಒಂದೇ ಸಮಯ. ಏಳೂವರೆಗೆ ಮಲಗುವ ಮಗು ಅಲ್ಲಿಯೂ ಏಳೂವರೆಗೇ ಮಲಗಬಹುದು. ಎರಡು ವರ್ಷ ತುಂಬುವ ಮೊದಲಾದರೆ ಮಗು ತೊಡೆಯ ಮೇಲೆ ಕೂತು ಹೋಗಬಹುದು, ಸೀಟಿನ ಪೂರ್ತಿ ದುಡ್ಡು ಕೊಡಬೇಕಿಲ್ಲ. ಮೇ ತಿಂಗಳಿಗೆ ಅವಳಿಗೆ ಎರಡು ತುಂಬುತ್ತಿತ್ತು.

ಒಂದು ಸೂಟ್‌ಕೇಸು ಪೂರ್ತಿ ಅವಳದೇ ಆಯಿತು. ಅಕ್ಕಿ, ಹೆಸರುಬೇಳೆ ಹುರಿದು ತರಿ ಮಾಡಿದ ಪುಡಿ, ರಾಗಿ ಸರಿಯ ಹಿಟ್ಟು, ಹಾಲಿನ ಪುಡಿಯ ಡಬ್ಬ, ಸಣ್ಣ ಕರೆಂಟ್ ಕುಕ್ಕರ್, ಕುದಿಸಿ ಆರಿಸಿದ ನೀರಿಗೆ ಫ್ಲಾಸ್ಕು, ಥರ್ಮಾಮೀಟರು, ಜ್ವರದ ಔಷಧಿ. ಅವಳ ತೂಕಕ್ಕೆ ಔಷಧಿ ಎಷ್ಟು ಎಂ.ಎಲ್. ಹಾಕಬೇಕು ಅಂತ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಟಲಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದೆ. ಅಮ್ಮ ತನ್ನ ಪಾಲಿಗೆ ತಂದದ್ದು ಕಷಾಯದ ಪುಡಿಯ ಒಂದು ಪೊಟ್ಟಣ ಮಾತ್ರ. ಕೊತ್ತಂಬರಿ, ಜೀರಿಗೆ, ನಾಲ್ಕು ಕಾಳುಮೆಣಸು. "ಇದೊಂದು ಇದ್ರೆ ಎಲ್ಲಿ ಬೇಕಾದ್ರೂ ಬದುಕಬಹುದು ಮಾರಾಯ್ತಿ" ಅಂದರು. ಅಪರಿಚಿತ ನಾಡಿನಲ್ಲಿ ಮಗುವಿಗೆ ಏನಾದರೂ ಆದರೆ ಎಂಬ ಹೆದರಿಕೆ ನನ್ನನ್ನು ಎಷ್ಟು ಆವರಿಸಿತ್ತೆಂದರೆ, ಹೊರಡುವ ಹಿಂದಿನ ರಾತ್ರಿ ಎರಡು ಸಲ ಆ ಸೂಟ್‌ಕೇಸು ಬಿಚ್ಚಿ ಮತ್ತೆ ತುಂಬಿದೆ.

ವಿಮಾನದಲ್ಲಿ ನನ್ನ ಬೆಲ್ಟಿಗೆ ಅವಳ ಪುಟ್ಟ ಬೆಲ್ಟು ಪೋಣಿಸಿಕೊಟ್ಟರು. ಏರುವಾಗಲೂ ಇಳಿಯುವಾಗಲೂ ಮಗುವಿಗೆ ಏನಾದರೂ ಚೀಪಲು, ನುಂಗಲು ಕೊಡುತ್ತಿರಬೇಕು; ನುಂಗಿದಾಗ ಕಿವಿಯೊಳಗಿನ ನಾಳ ತೆರೆದು ಗಾಳಿಯ ಒತ್ತಡ ಸರಿಹೋಗುತ್ತದೆ. ಏರುವಾಗ ಹಾಲು ಕುಡಿಯುತ್ತ ಮಲಗಿಬಿಟ್ಟಳು. ಇಳಿಯುವಾಗ ನಿದ್ದೆಗಣ್ಣಿನಲ್ಲಿ ಎದ್ದು, ಕಿವಿ ಹಿಡಿದುಕೊಂಡು ಅತ್ತ ಅಳುವಿಗೆ ಮುಂದಿನ ಸೀಟಿನ ಹೆಂಗಸೊಬ್ಬರು ತಿರುಗಿ ನೋಡಿದರು. ಗೊಣಗುತ್ತಾರೆ ಅಂದುಕೊಂಡೆ. ಅವರು ಎರಡೂ ಕೈ ಚಾಚಿ "ಬಬಾ, ಎನ್ನ" ಅಂದರು. ಬಾ ಅಂತ ಕರೆಯುತ್ತಿದ್ದಾರೆ ಎಂದು ಕೈಯಿಂದಲೇ ತಿಳಿಯಿತು. ನಾನು ಕೊಡಲಿಲ್ಲ. ಕಂಡವರ ಕೈಗೆ ಮಗು ಕೊಡಬಾರದು ಎಂದು ಬೆಂಗಳೂರು ನನಗೆ ಚೆನ್ನಾಗಿ ಕಲಿಸಿತ್ತು.

ವಿಮಾನ ನಿಲ್ದಾಣ ಇರುವುದು ಕೊಲಂಬೊ ನಗರದಲ್ಲಲ್ಲ, ಉತ್ತರಕ್ಕೆ ಕಟುನಾಯಕದಲ್ಲಿ. ರಾತ್ರಿಯಾದ್ದರಿಂದ ಹತ್ತಿರದ ನೆಗೊಂಬೊದಲ್ಲಿ ಉಳಿದೆವು. ಅದು ಮೀನುಗಾರರ ಊರು, ಕ್ರೈಸ್ತರೇ ಹೆಚ್ಚು. ಬೀದಿಯ ತಿರುವುಗಳಲ್ಲಿ ಗಾಜಿನ ಗೂಡಿನೊಳಗೆ ಮೇರಿಯಮ್ಮ, ಸಂತರು. ಮುಂದೆ ದೀಪ, ಹೂವು. ನಮ್ಮ ಕಡೆಯ ಅಶ್ವತ್ಥಕಟ್ಟೆಯ ನಾಗರಕಲ್ಲಿನ ಮುಂದೆ ನಿಲ್ಲುವ ಹಾಗೇ ಜನ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದರು. ಬೆಳಿಗ್ಗೆ ಕಡಲ ದಂಡೆಯಲ್ಲಿ ಪುಟ್ಟಿಯನ್ನು ಇಳಿಸಿದೆವು. ಜೀವಮಾನದಲ್ಲಿ ಮೊದಲ ಸಲ ಮರಳು ತುಳಿದವಳು ಕಾಲೆತ್ತಲೂ ಆಗದೆ, ಇಡಲೂ ಆಗದೆ ನಿಂತಲ್ಲೇ ನಿಂತುಬಿಟ್ಟಳು. ಸಮುದ್ರದ ಕಡೆ ತಿರುಗಿಯೂ ನೋಡಲಿಲ್ಲ. ದಂಡೆಯುದ್ದಕ್ಕೂ ಹಾಸಿ ಒಣಗಿಸಿದ್ದ ಮೀನನ್ನು ಕಾಯುತ್ತಿದ್ದ ಕಾಗೆಗಳನ್ನೇ ನೋಡಿ "ಕಾಕಾ" ಅಂದಳು. ಅವಳ ವಿದೇಶ ಪ್ರವಾಸದ ಮೊದಲ ಮಾತು ಅದು.

ಕ್ಯಾಂಡಿಗೆ ವ್ಯಾನಿನಲ್ಲಿ ಮೂರು ಗಂಟೆಯ ಮೇಲಾಯಿತು. ದಾರಿಯಲ್ಲಿ ತಂಬಿಲಿ ಕುಡಿದೆವು, ಅದು ಅಲ್ಲಿನ ಕಿತ್ತಳೆ ಬಣ್ಣದ ಎಳನೀರು. ಅಮ್ಮ ಕಿಟಕಿ ಬಿಟ್ಟು ಏಳಲಿಲ್ಲ. ಬೋರ್ಡುಗಳನ್ನು ಓದಲು ನೋಡುತ್ತಿದ್ದರು. ಸಿಂಹಳದ ಅಕ್ಷರಗಳು ದೂರದಿಂದ ಥೇಟ್ ಕನ್ನಡದಂತೆ ಗುಂಡಗೆ ಕಾಣುತ್ತವೆ, ಹತ್ತಿರ ಬಂದಂತೆ ಕೈಬಿಟ್ಟು ಹೋಗುತ್ತವೆ. ಎರಡೂ ಬ್ರಾಹ್ಮಿಯ ಮಕ್ಕಳು, ತಾಳೆಗರಿಯ ಮೇಲೆ ಬರೆದು ಬರೆದು ಗುಂಡಗಾದವು ಅನ್ನುತ್ತಾರೆ. "ಚಿಕ್ಕಮ್ಮನ ಮಗಳು ಎದುರಿಗೆ ಸಿಕ್ಕಿ ಹೆಸರು ನೆನಪಾಗದ ಹಾಗೆ ಆಗ್ತಿದೆ ನೋಡು" ಅಂದರು ಅಮ್ಮ. ದಾರಿ ಏರತೊಡಗಿದ ಮೇಲೆ ಅಡಿಕೆ, ಮೆಣಸಿನ ಬಳ್ಳಿ, ಹಲಸು, ಬೈನೆ. "ಎಂತ ಮಾರಾಯ್ತಿ, ದುಡ್ಡು ಕೊಟ್ಟು ನಮ್ಮ ತೋಟಕ್ಕೇ ಬಂದೆವಾ?" ಆ ಮಾತಿನಲ್ಲಿ ನಿರಾಸೆ ಇರಲಿಲ್ಲ, ದೊಡ್ಡ ನೆಮ್ಮದಿ ಇತ್ತು.

ನಾವು ಇಳಿದುಕೊಂಡದ್ದು ಕೆರೆಯ ಮೇಲಿನ ಗುಡ್ಡದಲ್ಲಿ, ಒಂದು ಮನೆಯ ಮಹಡಿಯಲ್ಲಿ. ಕೆಳಗೆ ಮನೆಯವರು, ಮೇಲೆ ಮೂರು ಕೋಣೆ. ನಡೆಸುತ್ತಿದ್ದವರು ಅರವತ್ತರ ಆಸುಪಾಸಿನ ಹೆಂಗಸು. ಹೇಗೆ ಕರೆಯಲಿ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ "ಅಕ್ಕಾ" ಅಂದರು. ನಾನು ನಕ್ಕೆ, ಅವರಿಗೆ ಯಾಕೆಂದು ತಿಳಿಯಲಿಲ್ಲ. ಸಿಂಹಳದಲ್ಲೂ ಅಕ್ಕನಿಗೆ ಅಕ್ಕ, ಅಮ್ಮನಿಗೆ ಅಮ್ಮ. ಪುಟ್ಟಿ ಮೆಟ್ಟಿಲ ಮೇಲಿಂದ "ಅಮ್ಮಾ" ಎಂದು ಕೂಗಿದರೆ ಆ ಮನೆಯಲ್ಲಿ ಮೂವರು ಹೆಂಗಸರು ಒಟ್ಟಿಗೆ ತಿರುಗುತ್ತಿದ್ದೆವು.

ಮೊದಲ ದಿನ ಬೆಳಿಗ್ಗೆ ಇವರು ಹೊರಗೆ ಹೋಗಿದ್ದರು. ಪುಟ್ಟಿ ತಿಂಡಿಯ ಮೇಜಿನ ಮುಂದೆ ಕೂತು "ಅಪ್ಪ, ಅಪ್ಪ" ಎಂದು ಹಟ ಹಿಡಿದಳು. ಅಡುಗೆಮನೆಯಿಂದ ಅಕ್ಕ ಓಡಿಬಂದು ಅವಳ ಮುಂದೆ ಬಿಸಿಬಿಸಿ ಆಪ್ಪ ಇಟ್ಟರು. ಅಂಚು ಗರಿಗರಿ, ನಡುವೆ ಮೆತ್ತಗೆ, ಬಟ್ಟಲಿನಂತಿರುವ ಅಕ್ಕಿ ದೋಸೆಗೆ ಅಲ್ಲಿ ಹೆಸರೇ ಆಪ್ಪ. ಇಷ್ಟು ಚಿಕ್ಕ ಮಗು ನಮ್ಮ ಭಾಷೆಯಲ್ಲಿ ತಿಂಡಿ ಕೇಳಿತಲ್ಲ ಎಂದು ಅವರ ಮುಖ ಅರಳಿತ್ತು. ಅಪ್ಪನನ್ನು ಮರೆತು ಪುಟ್ಟಿ ಆಪ್ಪದ ನಡುವಿನ ಮೆತ್ತನೆಯ ಭಾಗವನ್ನು ಬೆರಳಲ್ಲಿ ಕಿತ್ತು ಕಿತ್ತು ತಿಂದಳು. ನನ್ನ ಸೂಟ್‌ಕೇಸಿನ ತರಿ ಪೊಟ್ಟಣ ಆ ಬೆಳಿಗ್ಗೆ ಬಿಚ್ಚಲೇ ಇಲ್ಲ.

ಅಮ್ಮ ಅಡುಗೆಮನೆಗೆ ಹೋಗಿಯೇ ಬಿಟ್ಟಿದ್ದರು. ಅಲ್ಲಿ ಇಂದಿಆಪ್ಪ ಒತ್ತುತ್ತಿದ್ದರು. ಅಂಗೈ ಅಗಲದ ಹೆಣೆದ ತಟ್ಟೆಗಳ ಮೇಲೆ ಹಸಿ ಅಕ್ಕಿ ಹಿಟ್ಟನ್ನು ಎಳೆ ಎಳೆಯಾಗಿ ಒತ್ತಿ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಹಬೆಯಲ್ಲಿ ಬೇಯಿಸುವುದು. "ನಾವು ಮುದ್ದೆ ಬೇಯಿಸಿಕೊಂಡು ಆಮೇಲೆ ಒತ್ತೋದು, ಇವರು ಒತ್ತಿ ಆಮೇಲೆ ಬೇಯಿಸೋದು. ರಟ್ಟೆನೋವು ಇವರಿಗೆ ಕಡಿಮೆ" ಎಂದು ಅಮ್ಮ ನನಗೆ ಬಂದು ವರದಿ ಮಾಡಿದರು. ಶ್ಯಾವಿಗೆ ಒರಳಿನ ಮುಂದೆ ನಲವತ್ತು ವರ್ಷ ನಿಂತ ಕೈ ಅದು. ಅವರು ಹೇಳಿದ್ದು ಸರಿಯೇ ಇರಬೇಕು.

ಪೆರಾದೆನಿಯದ ಸಸ್ಯೋದ್ಯಾನಕ್ಕೆ ಎರಡನೆಯ ದಿನ ಹೋದೆವು. ಕ್ಯಾಂಡಿಗೆ ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನಾನು ಹೇಳುವುದು ಇದೊಂದೇ: ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. 1821ರಲ್ಲಿ ಶುರುವಾದ, 147 ಎಕರೆಯ ತೋಟ. ಮಹಾವೇಲಿ ನದಿ ಮೂರು ಕಡೆಯಿಂದ ಬಳಸಿಕೊಂಡು ಹರಿಯುತ್ತದೆ. ಹುಲ್ಲುಹಾಸಿನ ನಡುವೆ ಒಂದೇ ಒಂದು ಆಲದ ಜಾತಿಯ ಮರ ಕೊಡೆ ಬಿಚ್ಚಿದಂತೆ ಹರಡಿದೆ. ಅದರ ಬೇರಿನ ದಿಬ್ಬಗಳ ಮೇಲೆ ಹತ್ತಿ ಇಳಿದು, ಹತ್ತಿ ಇಳಿದು ಪುಟ್ಟಿ ಒಂದು ಗಂಟೆ ಕಳೆದಳು. ನಾವು ಬರೆದಿಟ್ಟುಕೊಂಡಿದ್ದ ಪಟ್ಟಿಯಲ್ಲಿ ಆರ್ಕಿಡ್ ಮನೆ ಇತ್ತು, ತಾಳೆ ಮರಗಳ ಸಾಲುದಾರಿ ಇತ್ತು, ಬಿದಿರಿನ ಮೆಳೆ ಇತ್ತು. ಅವಳಿಗೆ ಒಂದು ಬೇರು ಸಾಕಾಯಿತು. ನಾನೂ ಪಕ್ಕದಲ್ಲಿ ಕೂತೆ. ಮಗು ಹುಟ್ಟಿದ ಮೇಲೆ ಹಗಲಿನಲ್ಲಿ ಒಂದು ಗಂಟೆ ಮರದ ಕೆಳಗೆ ಸುಮ್ಮನೆ ಕೂತದ್ದು ಅದೇ ಮೊದಲು. ನದಿಯ ಕಡೆಯ ಮರಗಳಲ್ಲಿ ದೊಡ್ಡ ಬಾವಲಿಗಳು ಸಾಲಾಗಿ ತಲೆಕೆಳಗಾಗಿ ನೇತಾಡುತ್ತಿದ್ದವು. ಅವಳು ಕೈ ಎತ್ತಿ ತೋರಿಸಿ "ಕೊಡೆ" ಅಂದಳು. ಮಡಚಿ ತೂಗುಹಾಕಿದ ಕಪ್ಪು ಕೊಡೆಗಳೇ ಅವು.

ಅಮ್ಮ ನಿಂತದ್ದು ನಾಗಲಿಂಗದ ಮರದ ಮುಂದೆ. 1901ರಲ್ಲಿ ಇಂಗ್ಲೆಂಡಿನ ರಾಜಕುಮಾರ, ಮುಂದೆ ಐದನೆಯ ಜಾರ್ಜ್ ಆದವನು, ಹೆಂಡತಿಯೊಂದಿಗೆ ನೆಟ್ಟ ಮರ. ಕೆಳಗೆ ಬಿದ್ದ ಹೂವೊಂದನ್ನು ಎತ್ತಿ ಅಮ್ಮ ಕಣ್ಣಿಗೆ ಒತ್ತಿಕೊಂಡರು. ಕಾವಲುಗಾರ ಹತ್ತಿರ ಬಂದ. ಬೈಯುತ್ತಾನೆ ಅಂತ ನಾವು ಹಿಂದೆ ಸರಿದರೆ ಅವನು ಹೂವಿನ ನಡುವಿನ ಗುಂಡಗಿನ ದಿಂಡನ್ನು ತೋರಿಸಿ "ದಾಗೊಬ" ಅಂದ, ಸ್ತೂಪ ಅಂತ. ಆ ಹೂವನ್ನು ಅವರು ಸಾಲ ಎಂದು ಕರೆದು ಬುದ್ಧನಿಗೆ ಏರಿಸುತ್ತಾರೆ. ಅಮ್ಮ ಅದೇ ದಿಂಡು ತೋರಿಸಿ "ಲಿಂಗ" ಅಂದರು, ಮೇಲೆ ಬಾಗಿದ್ದ ಎಸಳ ಗುಚ್ಛ ತೋರಿಸಿ ಕೈಯನ್ನು ಹೆಡೆಯಂತೆ ಮಾಡಿದರು. ಇಬ್ಬರೂ ಒಂದೇ ಹೂವನ್ನು ಒಬ್ಬರಿಂದೊಬ್ಬರು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

ಆ ಸಂಜೆ ದಳದಾ ಮಾಳಿಗಾವ, ಬುದ್ಧನ ದಂತ ಇರುವ ದೇಗುಲ. ಕಳಿಂಗದ ರಾಜಕುಮಾರಿ ಹೇಮಮಾಲಾ ಆ ದಂತವನ್ನು ತಲೆಗೂದಲಿನಲ್ಲಿ ಬಚ್ಚಿಟ್ಟುಕೊಂಡು ಕಡಲು ದಾಟಿ ತಂದಳು ಎಂಬುದು ಅವರ ಕಥೆ. ಮುಂದೆ ಲಂಕೆಯ ರಾಜರಿಗೆಲ್ಲ ಅದೇ ಸಿಂಹಾಸನದ ಗುರುತಾಯಿತು. ಕೆಳಗಿನ ಕೆರೆ ಕಟ್ಟಿಸಿದ ಶ್ರೀವಿಕ್ರಮ ರಾಜಸಿಂಹ ಕೊನೆಯ ರಾಜ. 1815ರಲ್ಲಿ ಬ್ರಿಟಿಷರು ಅವನನ್ನು ಹಿಡಿದು, ಆಮೇಲೆ ನಮ್ಮ ಪಕ್ಕದ ವೆಲ್ಲೂರಿಗೆ ಸಾಗಿಸಿದರು. ಅವನು ತೀರಿಕೊಂಡದ್ದೂ ಅಲ್ಲೇ. ಪೂಜೆಯ ಹೊತ್ತಿಗೆ ಬಿಳಿ ಪಂಚೆ, ಕೆಂಪು ನಡುಕಟ್ಟಿನ ಡೋಲಿನವರು ಬಾರಿಸತೊಡಗಿದರು. ನಮ್ಮ ಮುಖವೀಣೆಯಂಥದೊಂದು ವಾದ್ಯ ಜೊತೆಗಿತ್ತು. ಕುಕ್ಕರ್ ಕೂಗಿದರೂ ಬೆಚ್ಚುವ ಪುಟ್ಟಿ ಇವರ ಹೆಗಲ ಮೇಲೆ ಕೂತು, ಬಾಯಿ ತೆರೆದುಕೊಂಡು, ರೆಪ್ಪೆ ಮಿಟುಕಿಸದೆ ಕೇಳಿದಳು. ನೂಕುನುಗ್ಗಲಿನಲ್ಲಿ ಯಾರು ಯಾರೋ ಅವಳ ಕಾಲು ಮುಟ್ಟಿ ಮುಂದೆ ಹೋದರು, ಒಬ್ಬ ಅಜ್ಜಿ ನೀಲಿ ನೈದಿಲೆಯೊಂದನ್ನು ಅವಳ ಕೈಗೆ ಕೊಟ್ಟಿತು. ಹಿಂತಿರುಗಿ ಬರುವಾಗ ಆಟೋದಲ್ಲಿ ಅವಳ ಮೈ ಮುಟ್ಟಿದೆ. ಬಿಸಿಯಿತ್ತು.

ರಾತ್ರಿ ಒಂಬತ್ತಕ್ಕೆ ನೂರು. ಹನ್ನೊಂದಕ್ಕೆ ನೂರಾ ಎರಡೂವರೆ. ಚೀಟಿ ನೋಡಿ ಔಷಧಿ ಹಾಕಿದೆ, ಕಕ್ಕಿದಳು. ಸ್ವಲ್ಪ ಬಿಟ್ಟು ಮತ್ತೆ ಹಾಕಿದೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪದ: ಡೆಂಗಿ. ಹೊರಡುವ ಮೊದಲು ಓದಿದ್ದೆ, 2017ರಲ್ಲಿ ಆ ಪುಟ್ಟ ದೇಶದಲ್ಲಿ 1 ಲಕ್ಷ 80 ಸಾವಿರಕ್ಕೂ ಹೆಚ್ಚು ಜನಕ್ಕೆ ಡೆಂಗಿ ಬಂದಿತ್ತು. ತೋಟದಲ್ಲಿ ಅವಳ ಕಾಲಿಗೆ ಸೊಳ್ಳೆ ಕಚ್ಚಿತ್ತೇ, ಸಂಜೆ ಉದ್ದ ತೋಳಿನ ಅಂಗಿ ಹಾಕಿದ್ದೆನೇ, ಇದನ್ನೇ ತಿರುಗಿ ತಿರುಗಿ ನೆನೆದೆ. ಸೊಳ್ಳೆ ಕಚ್ಚಿದ ದಿನವೇ ಡೆಂಗಿ ಜ್ವರ ಬರುವುದಿಲ್ಲ, ಕೆಲವು ದಿನವಾದರೂ ಬೇಕು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ರಾತ್ರಿ ಉಪಯೋಗಕ್ಕೆ ಬರಲಿಲ್ಲ. ನನ್ನ ಹಟದಿಂದ, ನನಗೆ ಬೇರೆ ದೇಶ ನೋಡಬೇಕೆಂಬ ಆಸೆಯಿಂದ ಈ ಮಗುವನ್ನು ಇಲ್ಲಿಗೆ ತಂದೆ ಎಂದು ಇವರ ಮುಂದೆ ಅತ್ತೆ. ಅವರು ಒದ್ದೆ ಬಟ್ಟೆ ಹಿಂಡಿ ನನ್ನ ಕೈಗೆ ಕೊಡುತ್ತ ಹೋದರು, ಏನೂ ಹೇಳಲಿಲ್ಲ.

ಎರಡು ಗಂಟೆಯ ಹೊತ್ತಿಗೆ ಬಾಗಿಲು ಸದ್ದಾಯಿತು. ಅಕ್ಕ. ಮೇಲಿನ ಓಡಾಟ ಕೇಳಿ ಎದ್ದು ಬಂದಿದ್ದರು. ಪುಟ್ಟಿಯ ಹಣೆ ಮುಟ್ಟಿ "ಉಣ" ಅಂದರು. ಅಮ್ಮ ತಕ್ಷಣ ತಲೆಯಾಡಿಸಿ "ಇಲ್ಲ, ಏನೂ ಉಣ್ಣಲಿಲ್ಲ, ರಾತ್ರಿಯಿಂದ ಹಾಗೇ ಇದೆ ಕೂಸು" ಅಂದರು. ಅಕ್ಕ ಮತ್ತೆ "ಉಣ, ಉಣ" ಅಂದರು. ಅಮ್ಮ ಮತ್ತೆ ಇಲ್ಲ ಅಂದರು. ಸಿಂಹಳದಲ್ಲಿ ಉಣ ಎಂದರೆ ಜ್ವರ ಎಂಬುದು ನಮಗೆ ತಿಳಿದದ್ದು ಬೆಳಿಗ್ಗೆ. ಆ ಕೋಣೆಯಲ್ಲಿ ಒಬ್ಬರು ಜ್ವರ ಅನ್ನುತ್ತಿದ್ದರು, ಒಬ್ಬರು ಊಟ ಅನ್ನುತ್ತಿದ್ದರು, ಇಬ್ಬರ ಕೈಯೂ ಒಂದೇ ಹಣೆಯ ಮೇಲಿತ್ತು.

ಅಕ್ಕ ಕೆಳಗೆ ಹೋದರು. ಅಮ್ಮನೂ ಹಿಂದೆಯೇ ಹೋದರು. ಸ್ವಲ್ಪ ಹೊತ್ತಿಗೆ ಹುರಿದ ಕೊತ್ತಂಬರಿಯ ಪರಿಮಳ ಮೆಟ್ಟಿಲು ಹತ್ತಿ ಬಂತು. ನಾನು ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಇಳಿದು ನೋಡಿದರೆ ಒಲೆಯ ಮುಂದೆ ಇಬ್ಬರೂ ನಿಂತಿದ್ದರು. ಬಾಣಲೆಯಲ್ಲಿ ಕೊತ್ತಂಬರಿ ಕಾಳು, ಪಕ್ಕದಲ್ಲಿ ಜಜ್ಜಿದ ಶುಂಠಿ. "ಕೊತ್ತಮಲ್ಲಿ" ಅಂದರು ಅಕ್ಕ. ಶೀತ, ಜ್ವರ ಅಂದರೆ ಅಲ್ಲಿ ಪ್ರತಿ ಮನೆಯಲ್ಲೂ ಮೊದಲು ಒಲೆಗೇರುವುದು ಅದು. ಅಮ್ಮ ಸೆರಗಿನ ಗಂಟಿನಿಂದ ಕೊಪ್ಪದ ಪೊಟ್ಟಣ ತೆಗೆದು ಅವರ ಮೂಗಿಗೆ ಹಿಡಿದರು. ಅಕ್ಕ ಮೂಸಿದರು. ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡರು. ಜೀರಿಗೆಯ ಕಡೆ ಬೆರಳು ತೋರಿಸಿ ತಲೆದೂಗಿದರು. ಆಮೇಲೆ ಬಾಣಲೆಯ ನೀರಿಗೆ ಅವರ ಕಾಳಿನ ಜೊತೆ ನಮ್ಮ ಪುಡಿಯೂ ಒಂದು ಚಮಚ ಬಿತ್ತು. ಕುದಿದು ಅರ್ಧಕ್ಕೆ ಇಳಿಯುವವರೆಗೆ ಇಬ್ಬರೂ ಮಾತಿಲ್ಲದೆ ಕಾದರು.

ನನ್ನ ಭುಜ ಬಿದ್ದುಹೋಗಿತ್ತು. ಅಕ್ಕ ಕೈ ಚಾಚಿದರು, ವಿಮಾನದಲ್ಲಿ ಆ ಹೆಂಗಸು ಚಾಚಿದ ಹಾಗೇ. ಈ ಸಲ ಕೊಟ್ಟೆ. ಪುಟ್ಟಿ ಒಮ್ಮೆ ನರಳಿ ಅವರ ಕುತ್ತಿಗೆಗೆ ಮುಖ ಒತ್ತಿಕೊಂಡಳು. ಅವರು ಅಡುಗೆಮನೆಯ ಉದ್ದಕ್ಕೂ ಅತ್ತಿಂದಿತ್ತ ನಡೆಯುತ್ತ ಏನೋ ಗುನುಗಿದರು, ಮೆಲ್ಲಗೆ ಬೆನ್ನು ತಟ್ಟಿದರು. ಉಗುರುಬೆಚ್ಚಗಾದ ಕಷಾಯವನ್ನು ಅಮ್ಮ ಚಮಚದಲ್ಲಿ ಹನಿ ಹನಿಯಾಗಿ ಅವಳ ತುಟಿಗೆ ಮುಟ್ಟಿಸಿದರು. ಎರಡು ಚಮಚ ಹೋಗಿರಬಹುದು. ಆಮೇಲೆ ಅವಳು ಹಾಲಿಗೆ ಬಾಯಿಬಿಟ್ಟಳು. ಆ ಮನೆಯಲ್ಲಿ ಹಸುವಿನ ಹಾಲಿರಲಿಲ್ಲ. ಅಲ್ಲಿ ಬಹಳಷ್ಟು ಮನೆಗಳಲ್ಲಿ ಚಹಾಕ್ಕೂ ಹಾಲಿನ ಪುಡಿಯೇ. ಅಕ್ಕ ತಮ್ಮ ಡಬ್ಬದಿಂದಲೇ ಕದಡಿ ಕೊಟ್ಟರು. ಕುಡಿದು ಮಲಗಿದಳು. ಔಷಧಿಯಿಂದ ಜ್ವರ ಇಳಿಯಿತೋ, ತಾನಾಗಿ ಇಳಿಯಿತೋ, ನಾಲ್ಕು ಗಂಟೆಗೆ ಅವಳ ಮೈ ಬೆವರಿತು. ಕಷಾಯದಿಂದ ಇಳಿಯಿತು ಎಂದು ನಾನು ಹೇಳುವುದಿಲ್ಲ. ನನಗೆ ಧೈರ್ಯ ಬಂದದ್ದು ಮಾತ್ರ ಆ ಪರಿಮಳದಿಂದ.

ಬೆಳಿಗ್ಗೆ ಡಾಕ್ಟರ ಹತ್ತಿರ ಹೋದೆವು. ವೈರಲ್ ಇರಬೇಕು, ಮೊದಲ ದಿನವೇ ರಕ್ತ ಪರೀಕ್ಷೆ ಮಾಡಿ ಹೆಚ್ಚು ಪ್ರಯೋಜನವಿಲ್ಲ, ಮೂರನೆಯ ದಿನವೂ ಜ್ವರ ಇದ್ದರೆ ಬನ್ನಿ, ನೀರು ನೀರಾಗಿ ಕೊಡುತ್ತಿರಿ, ಉಚ್ಚೆ ಸರಿಯಾಗಿ ಹೋಗುತ್ತಿದೆಯೇ ಗಮನಿಸಿ ಅಂದರು. ಮರುದಿನ ಬೆಳಿಗ್ಗೆ ಎಲ್ಲ ಎಂಬ ಊರಿಗೆ ಹೋಗುವ ರೈಲಿಗೆ ಸೀಟು ಕಾದಿರಿಸಿದ್ದೆವು. ಸಿಂಹಳದಲ್ಲಿ ಎಲ್ಲ ಎಂದರೆ ಜಲಪಾತ. ಚಹಾ ತೋಟಗಳ ನಡುವಿನ ಆ ಆರೇಳು ಗಂಟೆಯ ದಾರಿ, 1921ರಲ್ಲಿ ಕಬ್ಬಿಣವಿಲ್ಲದೆ ಕಲ್ಲು ಇಟ್ಟಿಗೆಯಲ್ಲೇ ಕಟ್ಟಿದ ಒಂಬತ್ತು ಕಮಾನಿನ ಸೇತುವೆ, ಇವನ್ನೆಲ್ಲ ನೋಡಬೇಕೆಂದೇ ಇಡೀ ಪ್ರವಾಸ ಹೊಂದಿಸಿದ್ದು. ಹೋಗಲಿಲ್ಲ. ಅಲ್ಲಿನ ವಸತಿಗೆ ಕೊಟ್ಟ ಮುಂಗಡವೂ ವಾಪಸು ಬರಲಿಲ್ಲ. ಬೇಸರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ, ಆ ಹೊತ್ತಿಗೆ ನನಗೆ ಥರ್ಮಾಮೀಟರಿನ ಅಂಕಿಯ ಹೊರತು ಏನೂ ಬೇಕಿರಲಿಲ್ಲ.

ಹಾಗಾಗಿ ಉಳಿದ ದಿನಗಳೆಲ್ಲ ಆ ಮನೆಯಲ್ಲೇ ಕಳೆದವು. ಎರಡನೆಯ ದಿನ ಸಂಜೆಗೆ ಜ್ವರ ಪೂರ್ತಿ ಬಿಟ್ಟಿತು. ಮರುದಿನ ಬೆಳಿಗ್ಗೆ ಅಕ್ಕ ಕಿರಿಬತ್ ಮಾಡಿದ್ದರು. ಕಿರಿ ಎಂದರೆ ಹಾಲು, ಬತ್ ಎಂದರೆ ಅನ್ನ. ತೆಂಗಿನಹಾಲಿನಲ್ಲಿ ಬೇಯಿಸಿ, ಬಾಳೆ ಎಲೆಯಲ್ಲಿ ತಟ್ಟಿ, ಬರ್ಫಿಯಂತೆ ಕತ್ತರಿಸುವ ಅನ್ನ. ಹಬ್ಬಕ್ಕೆ, ತಿಂಗಳ ಮೊದಲ ದಿನಕ್ಕೆ, ಶುಭಕಾರ್ಯಕ್ಕೆ ಮಾಡುವಂಥದ್ದು. ಜ್ವರ ಬಿಟ್ಟ ಮಗುವಿಗೆ ಅದಕ್ಕಿಂತ ಹದವಾದ ಊಟ ನನ್ನ ಸೂಟ್‌ಕೇಸಿನಲ್ಲಿ ಇರಲಿಲ್ಲ. ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು, ಮೇಲೆ ಕಿತುಲ್ ಪಾಕ. ಅಮ್ಮ ಒಂದು ತೊಟ್ಟು ಬಾಯಿಗೆ ಹಾಕಿ "ಜೋನಿ ಬೆಲ್ಲ!" ಅಂದರು. ಜೋನಿ ಬೆಲ್ಲದ ಹಾಗೇ ಸುರಿಯುತ್ತದೆ, ಆದರೆ ಕಬ್ಬಿನದಲ್ಲ. ನಮ್ಮ ಕಾಡಿನ ಬೈನೆ ಮರದ ಸಿಹಿ ನೀರು ಕಾಯಿಸಿ ಮಾಡುವಂಥದ್ದು. ನಮ್ಮಲ್ಲಿ ಹೆಂಡ ಇಳಿಸುವ ಮರದಿಂದ ಇವರು ಬೆಲ್ಲ ಮಾಡುತ್ತಾರಲ್ಲ ಎಂದು ಅಮ್ಮನಿಗೆ ಊರಿಗೆ ಬಂದ ಮೇಲೂ ಅದೇ ಮಾತು.

ಹೊರಡುವ ದಿನ ಅಕ್ಕ ಬೆಳಿಗ್ಗೆಯೇ ದೇಗುಲಕ್ಕೆ ಹೋಗಿ ಬಿಳಿ ದಾರ ತಂದು ಪುಟ್ಟಿಯ ಕೈಗೆ ಕಟ್ಟಿದರು. ಪಿರಿತ್ ನೂಲ ಅಂತ ಅದಕ್ಕೆ ಹೆಸರು, ಭಿಕ್ಕುಗಳು ಪಠಣ ಮಾಡಿ ಕೊಟ್ಟ ನೂಲು. ಅಮ್ಮ ಉಳಿದ ಕಷಾಯದ ಪುಡಿಯನ್ನೆಲ್ಲ ಅವರ ಡಬ್ಬಕ್ಕೆ ಸುರಿದರು.

ಕೊಲಂಬೊಗೆ ರೈಲಿನಲ್ಲೇ ಇಳಿದೆವು, 1867ರಲ್ಲಿ ಹಾಕಿದ ದಾರಿ. ಬೆಟ್ಟದ ಅಂಚು, ಸುರಂಗ, ಕೆಳಗೆ ಗದ್ದೆಗಳು. ಸುರಂಗ ಬಂದಾಗಲೆಲ್ಲ ಇಡೀ ಬೋಗಿಯ ಮಕ್ಕಳು ಕೂಗುತ್ತಿದ್ದವು. ಪುಟ್ಟಿ ಮೊದಲ ಸುರಂಗದಲ್ಲಿ ನನ್ನನ್ನು ಅಪ್ಪಿಕೊಂಡಳು, ಎರಡನೆಯದರಲ್ಲಿ ಕಿವಿಗೊಟ್ಟಳು, ಮೂರನೆಯದರಲ್ಲಿ ತಾನೂ ಕೂಗಿದಳು. ಎದುರು ಸೀಟಿನ ಶಾಲಾ ಹುಡುಗಿಯರು ಅವಳನ್ನು ಕರೆದಾಗ ನಾನು ಬಿಟ್ಟುಕೊಟ್ಟೆ. ಬೋಗಿಯ ಆ ತುದಿಯವರೆಗೆ ತೊಡೆಯಿಂದ ತೊಡೆಗೆ ದಾಟುತ್ತ ಹೋಗಿ, ಕೈಯಲ್ಲಿ ಒಂದು ಬಿಸ್ಕತ್ತು ಹಿಡಿದುಕೊಂಡು ವಾಪಸು ಬಂದಳು. "ವಡೇ ವಡೇ ವಡೇ" ಎನ್ನುತ್ತ ಬುಟ್ಟಿಯವನು ಬಂದ. ಬೇಳೆ ವಡೆ, ಜೊತೆಗೆ ಹುರಿದ ಒಣಮೆಣಸು. ಪೊಟ್ಟಣ ಕಟ್ಟಿದ್ದ ಕಾಗದ ಯಾವುದೋ ಮಗುವಿನ ಹಳೆಯ ನೋಟ್‌ಬುಕ್ಕಿನ ಹಾಳೆ. ಅಲ್ಲಿ ಬೀದಿ ತಿಂಡಿಯನ್ನು ಹಾಗೇ ಕಟ್ಟಿಕೊಡುತ್ತಾರೆ. ಮೇಲೆ ಎರಡು ಸಾಲು ಸಿಂಹಳ, ಕೆಳಗೆ ಕೂಡುವ ಲೆಕ್ಕಗಳು, ಕೆಂಪು ಶಾಯಿಯ ಸರಿ ಗುರುತು, ಎಣ್ಣೆಯ ಕಲೆ. ಒಡ್ಡೊಡ್ಡಾದ ಆ ಅಂಕಿಗಳನ್ನು ನೋಡಿ ಯಾಕೋ ಬಿಸಾಡಲು ಮನಸ್ಸು ಬರಲಿಲ್ಲ. ಒರೆಸಿ, ಮಡಚಿ ಪಾಸ್‌ಪೋರ್ಟಿನ ಚೀಲಕ್ಕೆ ಹಾಕಿದೆ.

ಮೂರು ತಿಂಗಳಾದ ಮೇಲೆ, 2019ರ ಏಪ್ರಿಲ್ 21, ಈಸ್ಟರ್ ಭಾನುವಾರ, ಟಿ.ವಿ.ಯಲ್ಲಿ ನೆಗೊಂಬೊ ಎಂಬ ಹೆಸರು ಬಂತು. ಚರ್ಚುಗಳಲ್ಲಿ, ಕೊಲಂಬೊದ ಹೋಟೆಲುಗಳಲ್ಲಿ ಬಾಂಬು. ಇನ್ನೂರೈವತ್ತಕ್ಕೂ ಹೆಚ್ಚು ಜನ ಹೋದರು. ಚುನಾವಣೆಯ ಕೆಲಸ ಮುಗಿಸಿ ಎರಡು ದಿನ ವಿಶ್ರಾಂತಿಗೆಂದು ಹೋಗಿದ್ದ ನಮ್ಮ ರಾಜ್ಯದ ಕೆಲವರೂ ಅವರಲ್ಲಿದ್ದರು. ಗಾಜಿನ ಗೂಡಿನ ಮುಂದೆ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದವರ ಮುಖಗಳನ್ನು ನೆನಪು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ಕ್ಯಾಂಡಿಗೆ ಫೋನು ಹಚ್ಚಿದೆ, ಸಿಗಲಿಲ್ಲ. ಎರಡು ದಿನದ ಮೇಲೆ ಅಕ್ಕನೇ ಮೆಸೇಜು ಹಾಕಿದರು: ನಾವು ಚೆನ್ನಾಗಿದ್ದೇವೆ, ಬಬಾ ಹೇಗಿದ್ದಾಳೆ?

2022ರಲ್ಲಿ ಆ ದೇಶದಲ್ಲಿ ದುಡ್ಡೇ ಖಾಲಿಯಾಯಿತು. ಗ್ಯಾಸಿಗೆ, ಪೆಟ್ರೋಲಿಗೆ, ಹಾಲಿನ ಪುಡಿಗೆ ಸಾಲು. ಮಾರ್ಚಿನಲ್ಲಿ ದಿನಕ್ಕೆ ಹದಿಮೂರು ಗಂಟೆ ಕರೆಂಟು ತೆಗೆದರು. ಕೊಲಂಬೊ ಇರುವ ಪಶ್ಚಿಮ ಪ್ರಾಂತ್ಯದಲ್ಲಿ ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದವಿಲ್ಲವೆಂದು ಶಾಲೆಗಳ ಪರೀಕ್ಷೆ ಮುಂದೂಡಿದರು. ರಾತ್ರಿ ಎರಡು ಗಂಟೆಗೆ ನಮ್ಮ ಮಗುವಿಗೆಂದು ಆ ಡಬ್ಬದ ತಳದಿಂದ ಚಮಚ ಎತ್ತಿದ ಕೈ ನನಗೆ ಕಾಣುತ್ತಿತ್ತು. ಏನು ಕಳಿಸಲಿ ಎಂದು ಕೇಳಿದೆ. ಏನೂ ಬೇಡ ಅಂದರು. ಹಾಲಿಲ್ಲದ ಚಹಾ, ಒಂದು ಚೂರು ಬೆಲ್ಲ ಕಚ್ಚಿಕೊಂಡು ಕುಡಿಯುತ್ತೇವೆ, ಅಭ್ಯಾಸವಿದೆ ಅಂದರು. ಅಮ್ಮ ಫೋನು ಇಸಿದುಕೊಂಡು ಕನ್ನಡದಲ್ಲೇ ಐದು ನಿಮಿಷ ಮಾತಾಡಿದರು. ಆ ಕಡೆಯಿಂದ ಸಿಂಹಳ ಬರುತ್ತಿತ್ತು.

ಮಕ್ಕಳ ಪಾಸ್‌ಪೋರ್ಟಿಗೆ ಐದು ವರ್ಷ ಅವಧಿ. 2023ರಲ್ಲಿ ಪುಟ್ಟಿಯದನ್ನು ಹೊಸತು ಮಾಡಿಸಲು ಚೀಲ ಬಿಚ್ಚಿದಾಗ ಹಾಳೆ ಬಿತ್ತು. ಅವಳಿಗೆ ಆಗ ಆರು ವರ್ಷ, ಒಂದನೆಯ ತರಗತಿ, ಕಂಡ ಬೋರ್ಡನ್ನೆಲ್ಲ ಓದುವ ಹುರುಪು. ಹಾಳೆ ಬಿಡಿಸಿಕೊಂಡು ನೆಲದ ಮೇಲೆ ಕೂತಳು. ಮೇಲಿನ ಎರಡು ಸಾಲಿಗೆ ಬೆರಳಿಟ್ಟು ತಡವರಿಸಿದಳು.

"ಅಮ್ಮಾ, ಇದು ಕನ್ನಡನಾ?"

"ಅಲ್ಲ ಪುಟ್ಟಿ, ಸಿಂಹಳ."

"ಮತ್ತೆ ಕನ್ನಡದ ಥರ ಇದೆ?"

ನಾನು ಆ ರೈಲಿನ ಕಥೆ ಹೇಳತೊಡಗಿದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ, ಬೆರಳು ಕೆಳಗಿನ ಲೆಕ್ಕಗಳಿಗೆ ಇಳಿದಿತ್ತು. ತುಟಿಯಲ್ಲೇ ಎಣಿಸುತ್ತ ಒಂದೊಂದನ್ನೇ ದಾಟಿದಳು. ಐದನೆಯದಕ್ಕೆ ಸರಿ ಗುರುತು ಇರಲಿಲ್ಲ. ಎಂಟು ಕೂಡಿಸು ಏಳು, ಹದಿನಾಲ್ಕು ಎಂದು ಬರೆದಿತ್ತು ಆ ಮಗು. ಪುಟ್ಟಿ ಎರಡು ಸಲ ಬೆರಳು ಮಡಚಿ ನೋಡಿದಳು. ಎದ್ದು ಹೋಗಿ ಪೆನ್ಸಿಲ್ ತಂದಳು. ಎಣ್ಣೆಯ ಕಲೆಯಿರುವ ಕಡೆ ಅದು ಮೂಡಲಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು, ಒತ್ತಿ, 15 ಎಂದು ಬರೆದಳು.